ಗಯಾಸುದ್ದೀನ್ ಸಾಹೇಬರು ಒಡೆದ ಮುದ್ರೆ

ಹುಣಸೂರಿನಲ್ಲಿ ನಮ್ಮ ಎದುರು ಮನೆಯ ಗಯಾಸುದ್ದೀನ್ ಸಾಹೇಬರು ಯಾರ ಮನೆಯಲ್ಲೂ ನೀರು ಕುಡಿಯುತ್ತಿರಲಿಲ್ಲ. ಅದು ಮಡಿ ಮೈಲಿಗೆಯ ಮಾತಲ್ಲ, ಉದ್ಯೋಗದ ಮಾತು. ಸರ್ಕಾರದ ಉಗ್ರಾಣ, ಔಷಧಾಲಯ, ಹಾಸ್ಟೆಲ್ಲು, ಡಿಪೋಗಳಿಗೆ ಹೇಳದೆ ಕೇಳದೆ ಹೋಗಿ, ಇದೆ ಎಂದು ಪುಸ್ತಕದಲ್ಲಿ ಬರೆದದ್ದು ನಿಜವಾಗಿಯೂ ಇದೆಯೇ ಎಂದು ನೋಡಿ ಬರುವುದು ಅವರ ಕೆಲಸ. ಒಳತನಿಖೆ ಎನ್ನುತ್ತಾರೆ. ಸರ್ಕಾರ ತನ್ನ ಅಡಿಗೆಮನೆಯ ಮೇಲೆ ತಾನೇ ಕಣ್ಣಿಟ್ಟ ಹಾಗೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕು ಅವರ ಪಾಲಿಗೆ. ಇವತ್ತು ಯಾರ ಮನೆಯಲ್ಲಿ ನೀರು ಕುಡಿದೆನೋ ನಾಳೆ ಅವರ ಹತ್ತಿರವೇ ಬೀಗದ ಕೈ ಕೇಳಬೇಕಾಗುತ್ತದೆ, ಆಗ ಕುಡಿದ ನೀರು ಗಂಟಲಿಗೆ ಬರುತ್ತದೆ ಎನ್ನುತ್ತಿದ್ದರು. ಸರ್ಕೀಟು ಹೊರಟರೆ ಹೆಂಡತಿ ಜೀನತುನ್ನೀಸಾ ಕಟ್ಟಿಕೊಟ್ಟ ರೊಟ್ಟಿ, ಒಂದು ತಾಮ್ರದ ತಂಬಿಗೆ. ಎಲೆ ಅಡಿಕೆಯ ತಟ್ಟೆ ಮುಂದೆ ಬಂದರೆ ಕೈಮುಗಿದು ಪಕ್ಕಕ್ಕೆ ಸರಿಸುವುದು. ಅವರ ಷಡ್ಡಕರೊಬ್ಬರು, ಇವರು ಹಬ್ಬದ ದಿನ ನಮ್ಮ ಮನೆಯ ಬಿರಿಯಾನಿಗೂ ಸಾಕ್ಷಿ ಸಹಿ ಕೇಳುತ್ತಾರೆ ಎಂದು ಹಾಸ್ಯ ಮಾಡುತ್ತಿದ್ದರಂತೆ.

ನಾನು ಮೈಸೂರಿನಲ್ಲಿ, ನಲ್ಲಿ ನೀರು, ವಿದ್ಯುತ್ ದೀಪ ಇದ್ದ ಬೀದಿಯಲ್ಲಿ ಬೆಳೆದು, ಹೈಸ್ಕೂಲು ಮುಗಿಸಿ, ಮದುವೆಯಾಗಿ ಹುಣಸೂರಿಗೆ ಬಂದವಳು. ಹುಡುಗನಿಗೆ ಸರ್ಕಾರದ ಕೆಲಸ, ಪೆನ್ಷನ್ ಇದೆ ಎಂದು ಅಪ್ಪ ಕೊಟ್ಟರು. ಎಂಥ ಕೆಲಸ ಎಂದು ಯಾರೂ ಕೇಳಿರಲಿಲ್ಲ. ನಮ್ಮವರು ಗಯಾಸುದ್ದೀನ್ ಸಾಹೇಬರ ಕೈಕೆಳಗೆ ಸಹಾಯಕರಾಗಿ ಸೇರಿದ್ದರು. ಬಂದ ಹೊಸದರಲ್ಲಿ ಪಕ್ಕದ ಬೀದಿಯ ಓವರ್ಸಿಯರರ ಹೆಂಡತಿ ಅರಿಸಿನ ಕುಂಕುಮಕ್ಕೆ ಕರೆದಿದ್ದರು. ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು, ಹೇಳಿದೆ. ಆಮೇಲೆ ಆ ಮನೆಯಿಂದ ನನಗೆ ಕರೆ ಬರಲಿಲ್ಲ. ಇನ್ನು ಕೆಲವರು ಕರೆಯಬೇಕಾದ್ದಕ್ಕಿಂತ ಹೆಚ್ಚು ಕರೆದರು. ಇವರು ಹೋಗಬೇಡ ಎಂದರು.

ಎದುರು ಮನೆಯ ಜೀನತ್ ಆಪಾ ಒಬ್ಬರೇ ನನಗೆ ಗತಿ. ಅವರಿಗೆ ಮಕ್ಕಳಿಲ್ಲ. ನನಗೆ ಬಸಿರಲ್ಲಿ ಏನು ತಿಂದರೂ ವಾಂತಿಯಾಗುತ್ತಿದ್ದಾಗ ಹುಣಸೆ ಚಿಗುರಿನ ಗೊಜ್ಜು ತಂದು ಕೊಟ್ಟವರು ಅವರು. ನಮ್ಮವರಿಗೆ ಅವರು ಎದುರಿಗೆ ಬರುತ್ತಿರಲಿಲ್ಲ. ಬಾಗಿಲ ಮರೆಯಿಂದ "ತಮ್ಮಾ" ಎಂದು ಕರೆದು ಹೇಳಬೇಕಾದ್ದನ್ನು ಹೇಳುತ್ತಿದ್ದರು. ಸಾಹೇಬರ ಕಥೆ ನನಗೆ ಗೊತ್ತಾದದ್ದೂ ಅವರಿಂದಲೇ.

ಸಾಹೇಬರ ತಂದೆ ಫಕ್ರುದ್ದೀನರು ಗಾಡಿಯ ಚಕ್ರ ಮಾಡುವವರು. ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವರು ಶಂಶುದ್ದೀನ್ ಕಸುಬು ಹಿಡಿದರು. ಚಿಕ್ಕವರು ಓದಿ, ಲೆಕ್ಕದ ಪರೀಕ್ಷೆ ಕಟ್ಟಿ ಸರ್ಕಾರ ಸೇರಿದರು. ಒಂದು ವರ್ಷ ಅಣ್ಣನಿಗೆ ಸರ್ಕಾರಿ ಗಾಡಿಗಳಿಗೆ ಚಕ್ರ ಒದಗಿಸುವ ಕೆಲಸ ಸಿಕ್ಕಿತಂತೆ. ಆ ಉಗ್ರಾಣವನ್ನು ನೋಡಲು ಹೋದ ತಮ್ಮ, ಮರ ಸರಿಯಾಗಿ ಒಣಗಿಲ್ಲ, ಬೇಸಿಗೆಗೆ ಬಿರಿಯುತ್ತದೆ ಎಂದು ಬರೆದು ಅಣ್ಣನ ಚಕ್ರಗಳನ್ನು ವಾಪಸು ಕಳಿಸಿದರು. ಮರ ನಿಜವಾಗಿಯೂ ಹಸಿ. ಅದು ಅಣ್ಣನಿಗೂ ಗೊತ್ತು. ಆದರೂ ಅಣ್ಣ ಮಾತು ಬಿಟ್ಟರು. ಹಬ್ಬಕ್ಕೆ ಹೋದರೆ ತಟ್ಟೆ ಇಡುತ್ತಿದ್ದರು, ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಇದನ್ನು ಹೇಳುವಾಗ ಆಪಾ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇವರೂ ಹೀಗೇ ಆಗಿಬಿಟ್ಟರೆ, ನಾಳೆ ನನ್ನ ತವರಿನವರ ಯಾವುದೋ ಒಂದು ಇವರ ಕಣ್ಣಿಗೆ ಬಿದ್ದರೆ ಎಂದು ಆಗಲೇ ಯೋಚನೆ ಹತ್ತಿತು.

ಒಂದು ದಿನ ಸಾಹೇಬರು ನಮ್ಮವರನ್ನು ಕರೆಯಲು ಬಂದು ಬಿಸಿಲಲ್ಲಿ ನಿಂತಿದ್ದರು. ಮಜ್ಜಿಗೆ ಕೊಡಲು ಹೋದೆ. ಬೇಡಮ್ಮಾ, ನಿನ್ನ ಯಜಮಾನನ ಕೆಲಸವನ್ನೂ ನೋಡೋನು ನಾನೇ ಅಲ್ವಾ ಎಂದು ನಕ್ಕರು. ಮೀಸೆ ನೆರೆತಿತ್ತು. ಸೊಂಟದ ಕರಿದಾರದಲ್ಲಿ ಹಿತ್ತಾಳೆಯ ಸರ್ಕಾರಿ ಮುದ್ರೆ ಕಟ್ಟಿಕೊಂಡಿರುತ್ತಿದ್ದರು. ಮಲಗುವಾಗಲೂ ಬಿಚ್ಚುವುದಿಲ್ಲ ಎಂದು ಆಪಾ ಗೊಣಗುತ್ತಿದ್ದರು.

ಕೂಸಿಗೆ ಹಲ್ಲು ಬರುವ ಹೊತ್ತಿಗೆ ಹುಣಸೂರಿಗೆ ಪ್ಲೇಗು ಬಂತು. ನಮ್ಮ ಬೀದಿಯಲ್ಲೇ ಇಲಿ ಬಿದ್ದು, ಮನೆಗಳನ್ನು ಖಾಲಿ ಮಾಡಿಸಿದರು. ಜನ ಊರಾಚೆ ಗುಡಿಸಲು ಹಾಕಿಕೊಂಡರು. ಮೈಸೂರಿಗೆ ಹೋಗೋಣವೆಂದರೆ ನನ್ನ ತವರು ಬೀದಿಯಲ್ಲೂ ಅದೇ ಗಲಾಟೆ. ಅದೇ ವಾರ ಸಾಹೇಬರಿಗೂ ನಮ್ಮವರಿಗೂ ಹೆಗ್ಗಡದೇವನಕೋಟೆಯ ಕಡೆ ಕೆಲಸ ಬಿತ್ತು. ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನ ಅಂಚಿನ ಒಂದು ಊರಿನ ಔಷಧಾಲಯ. ಊರಿನ ಹೆಸರು ಬರೆಯುವುದಿಲ್ಲ, ಆ ಜನ ಈಗಲೂ ಅಲ್ಲೇ ಇದ್ದಾರೆ. ನಾನೂ ಕೂಸೂ ಜೊತೆಗೆ ಹೊರಟೆವು. ಆಪಾ ಸಾಹೇಬರ ಅಣ್ಣನ ಗುಡಿಸಲಿಗೆ ಹೋದರು. ಪ್ಲೇಗಿಗೆ ಹೆದರಿ ಚಳಿಜ್ವರದ ಸೀಮೆಗೆ ಕೂಸನ್ನು ಕರೆದುಕೊಂಡು ಹೋಗುತ್ತಿದ್ದೇನಲ್ಲ ಎಂದು ಗಾಡಿಯಲ್ಲಿ ದಾರಿಯುದ್ದಕ್ಕೂ ಕೂಸಿನ ಕೈಕಾಲಿಗೆ ಬೇವಿನೆಣ್ಣೆ ಹಚ್ಚಿದೆ. ಹಚ್ಚಿ ಹಚ್ಚಿ ಕೂಸು ಅತ್ತಿತು.

ಚಿಕ್ಕಸಿದ್ದಮ್ಮ ಎಂಬ ವಯಸ್ಸಾದ ಹೆಂಗಸು ತನ್ನ ಮನೆಯ ಅರ್ಧ ಬಿಟ್ಟುಕೊಟ್ಟಳು. ಸಾಹೇಬರು ಶಾಲೆಯ ಜಗಲಿಯಲ್ಲಿ ಇಳಿದುಕೊಂಡರು. ಔಷಧಾಲಯಕ್ಕೆ ಡಾಕ್ಟರು ಕೋಟೆಯಿಂದ, ಎಂದರೆ ಹೆಗ್ಗಡದೇವನಕೋಟೆಯಿಂದ, ವಾರಕ್ಕೊಮ್ಮೆ ಬರುವುದು, ಉಳಿದ ದಿನವೆಲ್ಲ ಕಾಂಪೌಂಡರನದೇ ದರ್ಬಾರು. ನಲವತ್ತರ ಆಸುಪಾಸಿನ ಮನುಷ್ಯ, ಬಿಳಿ ಕೋಟು, ಒಳ್ಳೆ ಮಾತು. ಮೊದಲ ದಿನವೇ ಕೂಸಿಗೆ ಹಾಲು ಕಳಿಸಿದ. ನಮ್ಮವರು ಹಾಗೇ ಹಿಂದಕ್ಕೆ ಕಳಿಸಿದರು. ಕೂಸು ಚೊಂಬನ್ನು ನೋಡಿ ಕೈ ಚಾಚಿತ್ತು.

ಚಿಕ್ಕಸಿದ್ದಮ್ಮನಿಗೆ ಒಬ್ಬ ಮೊಮ್ಮಗ ಇದ್ದನಂತೆ, ಹೋದ ಮಳೆಗಾಲದಲ್ಲಿ ಜ್ವರದಲ್ಲಿ ಹೋದ. ನನ್ನ ಕೂಸಿನ ಕಾಲು ನೀವುತ್ತಾ ಅವಳು ಅದನ್ನು ಹೇಳಿದಳು. ಔಷಧಿ ಕೊಡಿಸಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಕೊಡುಸ್ದೆ ಕಣವ್ವ, ದಿನಾ ಎತ್ಕಂಡೋಗಿ ಕೊಡುಸ್ದೆ. ಆ ಗುಳ್ಗೆ ಕಯ್ಯೇ ಇರ್ನಿಲ್ಲ. ಮಗ ಚಪ್ಪರಿಸ್ಕಂಡು ತಿಂತು. ಕಯ್ ಗುಳ್ಗೆನ ಯಾವ ಮಗ ಅಂಗೆ ತಿಂದದು ನೀನೇ ಯೋಳು."

ಚಳಿಜ್ವರಕ್ಕೆ ಕೊಡುವ ಕ್ವಿನೈನ್ ಗುಳಿಗೆಯ ಕಹಿ ನನಗೆ ಗೊತ್ತು. ಒಮ್ಮೆ ನಾಲಿಗೆಗೆ ತಾಗಿದರೆ ಊಟದವರೆಗೂ ಹೋಗುವುದಿಲ್ಲ. ಇದನ್ನು ನಮ್ಮವರಿಗೆ ಹೇಳಿದೆ, ಇವರು ಸಾಹೇಬರಿಗೆ ಹೇಳಿದರು. ಮಾರನೆಯ ಬೆಳಿಗ್ಗೆ ಸಾಹೇಬರು ಪುಸ್ತಕಗಳನ್ನು ಕಟ್ಟಿಟ್ಟು ಎದ್ದು ಹಾಡಿಗೆ ಹೋದರು. ಕಾಡು ಕುರುಬರ ಹಟ್ಟಿಗೆ ಅಲ್ಲಿ ಹಾಡಿ ಎನ್ನುತ್ತಾರೆ. ಗುಡಿಸಲು ಗುಡಿಸಲಿಗೂ ಹೋಗಿ, ಗುಳಿಗೆ ಹೇಗಿತ್ತು ಎಂದು ಕೇಳಿದರಂತೆ. ಚೆನ್ನಾಗಿತ್ತು ಎಂದರಂತೆ ಎಲ್ಲರೂ. ಬಂದವರೇ ಔಷಧಾಲಯಕ್ಕೆ ಹೋಗಿ, ಬಳಕೆಯಲ್ಲಿದ್ದ ಡಬ್ಬದಿಂದ ಒಂದು ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು ಅಗಿದರು. ಅಕ್ಕಿಹಿಟ್ಟು.

ಕಾಂಪೌಂಡರ್ ಹೆದರಲಿಲ್ಲ. ಮೇಲಿನಿಂದ ಬಂದದ್ದೇ ಹೀಗೆ ಸ್ವಾಮಿ, ನಾನೇನು ಕಾರ್ಖಾನೆ ಇಟ್ಟಿದ್ದೀನಾ ಎಂದ. ಅಸಲು ಗುಳಿಗೆಗಳು ಮಲೆಯಾಳದ ಕಡೆಯ ತೋಟಗಳಿಗೆ ಗಾಡಿಯಲ್ಲಿ ಹೋಗುತ್ತಿದ್ದವೆಂದು ಊರಿಗೆಲ್ಲ ಗೊತ್ತಿತ್ತು, ಹೇಳುವವರು ಯಾರೂ ಇರಲಿಲ್ಲ. ಬೀರುವಿನಲ್ಲಿ ಇನ್ನೂ ತೆರೆಯದ ಡಬ್ಬಗಳಿದ್ದವು. ಅವುಗಳ ಮುಚ್ಚಳವನ್ನು ಯಾರಾದರೂ ಬಿಚ್ಚಿ ಮತ್ತೆ ಬೆಸುಗೆ ಹಾಕಿದ್ದರೆ, ಒಳಗೂ ಹಿಟ್ಟೇ ಇದ್ದರೆ, ಕಳ್ಳ ಯಾರೆಂದು ತಾನಾಗಿ ಗೊತ್ತಾಗುತ್ತಿತ್ತು. ಆದರೆ ಅವುಗಳನ್ನು ತೆರೆಯಬೇಕಾದದ್ದು ಮೈಸೂರಿನಿಂದ ಮೇಲಧಿಕಾರಿ ಬಂದ ಮೇಲೆ, ಎಲ್ಲರ ಎದುರಿಗೆ. ಅದು ಪದ್ಧತಿ. ಅದಕ್ಕೆ ಮುಂಚೆ ಒಬ್ಬರು ಮುಟ್ಟಿದರೂ, ಮುಟ್ಟಿದವನೇ ಹಿಟ್ಟು ತುಂಬಿದ ಎಂದು ಆಪಾದಿತ ಹೇಳಬಹುದು, ಅಲ್ಲಿಗೆ ಎಲ್ಲ ಮುಗಿಯಿತು. ಆದ್ದರಿಂದ ಸಾಹೇಬರು ಪಟೇಲ ಸಣ್ಣಬೀರಯ್ಯನವರನ್ನು ಕರೆಸಿ, ಬೀರುವಿನ ಬಾಗಿಲಿಗೆ ದಾರ ಸುತ್ತಿ, ಅರಗು ಕಾಯಿಸಿ ಬಿಟ್ಟು, ಸೊಂಟದ ಮುದ್ರೆಯನ್ನು ಒತ್ತಿದರು. ನಮ್ಮವರು ಅರಗಿನ ಕಡ್ಡಿ ಹಿಡಿದಿದ್ದರು. ಅಂದು ಸಂಜೆ ಇವರ ಮುಖದಲ್ಲಿ ಒಂದು ಕಳೆ ಇತ್ತು. ಈ ಕೆಲಸಕ್ಕೂ ಒಂದು ಅರ್ಥ ಇದೆ ನೋಡು ಎಂದರು. ಚಿಕ್ಕಸಿದ್ದಮ್ಮ ಆ ದಿನ ನಮಗೆ ಹುರುಳಿ ಬಸ್ಸಾರು ಕೊಡಲು ಬಂದಳು. ಬೇಡವೆನ್ನಲು ಇವರಿಗೆ ಮನಸ್ಸಿರಲಿಲ್ಲ, ಆದರೂ ಬೇಡವೆಂದರು.

ಮೈಸೂರಿಗೆ ವರದಿ ಹೋಯಿತು. ಅದರ ಹಿಂದೆಯೇ ಮಳೆ ಹಿಡಿಯಿತು. ಕೋಟೆಯ ದಾರಿಯಲ್ಲಿ ಹಳ್ಳ ತುಂಬಿ ಗಾಡಿ ನಿಂತವು. ಅಧಿಕಾರಿ ಬರಲಿಲ್ಲ, ಡಾಕ್ಟರೂ ಬರಲಿಲ್ಲ.

ಆಗ ಕೂಸಿಗೆ ಜ್ವರ ಬಂತು.

ಮೊದಲು ಹಲ್ಲಿನ ಜ್ವರ ಅಂದುಕೊಂಡೆ. ಆಮೇಲೆ ಕೂಸು ನಡುಗಲು ಶುರುವಾಯಿತು. ಇಷ್ಟು ಚಿಕ್ಕ ಮೈ ಅಷ್ಟೊಂದು ನಡುಗುವುದನ್ನು ನಾನು ನೋಡಿರಲಿಲ್ಲ. ಕಂಬಳಿ ಹೊದಿಸಿದರೆ ಬೆಂಕಿಯ ಹಾಗೆ ಸುಡುತ್ತಿತ್ತು. ಬೆವರಿ ಮಲಗಿತು, ಬಿಟ್ಟಿತು ಎಂದುಕೊಂಡೆ. ಒಂದು ದಿನ ಬಿಟ್ಟು ಮತ್ತೆ ಹಾಗೇ ಬಂತು. ಈ ಸಲ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದವು. ಚಿಕ್ಕಸಿದ್ದಮ್ಮ ತಣ್ಣೀರು ತಟ್ಟಿ, ಬಾಯಿಗೆ ಬಟ್ಟೆಯ ತುದಿ ಇಟ್ಟು ಹೇಗೋ ಇಳಿಸಿದಳು. ಇನ್ನೊಂದು ಸಲ ಇಂಗೆ ಬಂದ್ರೆ ಕೂಸು ತಡ್ಕಣಲ್ಲ ಎಂದಳು. ನನ್ನನ್ನು ನೋಡಿ ಹೇಳಲಿಲ್ಲ, ಗೋಡೆ ನೋಡಿ ಹೇಳಿದಳು.

ಔಷಧಾಲಯ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಬೀರುವಿನಲ್ಲಿ ಔಷಧಿ ಇದೆ, ಅಥವಾ ಹಿಟ್ಟಿದೆ. ಮೇಲೆ ಅರಗು ಇದೆ.

ನಾನು ಕೂಸನ್ನು ಎತ್ತಿಕೊಂಡು ಅಲ್ಲಿಗೆ ಹೋದೆ. ಯಾಕೆ ಹೋದೆನೋ, ಏನು ಕೇಳಬೇಕೆಂದುಕೊಂಡೆನೋ ಗೊತ್ತಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಚಿಕ್ಕಸಿದ್ದಮ್ಮ ಹಿಂದೆಯೇ ಬಂದಳು. ಸಾಹೇಬರು, ನಮ್ಮವರು, ಪಟೇಲರು ಇದ್ದರು. ಸಾಹೇಬರು ಕೆಲಸದಿಂದ ನಿಲ್ಲಿಸಿದ್ದರೂ ಕಾಂಪೌಂಡರ್ ಪಕ್ಕದ ಮನೆಯಲ್ಲೇ ಇದ್ದನಲ್ಲ, ಅವನೂ ಬಂದ. ಕೂಸಿನ ಕಣ್ಣಿನ ರೆಪ್ಪೆ ಎಳೆದು ನೋಡಿ, ಎಲ್ಲರಿಗಿಂತ ಮೊದಲು ಮಾತಾಡಿದವನು ಅವನೇ. ಸ್ವಾಮಿ, ಮುದ್ರೆ ಗಿದ್ರೆ ನೋಡ್ತಾ ಕೂರಬೇಡಿ, ಒಡೀರಿ, ಮಗು ಮುಖ್ಯ ಎಂದ. ಅವನ ದನಿ ಮೆತ್ತಗಿತ್ತು. ಆ ಕ್ಷಣ ಅವನು ನನಗೆ ದೇವರ ಹಾಗೆ ಕಂಡ. ಅವನು ಯಾಕೆ ಹಾಗೆ ಹೇಳುತ್ತಿದ್ದಾನೆಂದು ಅಲ್ಲಿದ್ದ ಗಂಡಸರಿಗೆಲ್ಲ ಗೊತ್ತಿತ್ತು. ನನಗೆ ಹೊಳೆದದ್ದು ಆಮೇಲೆ.

ಸಾಹೇಬರು ಸೊಂಟಕ್ಕೆ ಕೈ ಹಾಕಿದರು. ಆಗ ನಮ್ಮವರು ಬೀರುವಿಗೆ ಅಡ್ಡ ನಿಂತರು.

"ಬೇಡಿ ಸಾಹೇಬ್ರೆ, ಮುಟ್ಟಬೇಡಿ. ಇವನು ಕಾಯ್ತಿರೋದೇ ಇದಕ್ಕೆ. ಇವತ್ತು ಒಡೆದ್ರೆ ಇವನು ಮತ್ತೆ ಇದೇ ಕುರ್ಚೀಲಿ ಕೂರ್ತಾನೆ, ಹಾಡಿ ಮಕ್ಕಳಿಗೆ ಮತ್ತೆ ಹಿಟ್ಟೇ ಗತಿ. ನಾನು ಹಳ್ಳ ಈಜಿ ಕೋಟೆಯಿಂದ ತರ್ತೀನಿ."

ಕೂಸಿನ ತಂದೆ ಹೇಳಿದ ಮಾತು ಇದು. ಇವರ ಗಲ್ಲ ಅದುರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಇವರು ಅಲ್ಲಿಂದ ಕದಲಲಿಲ್ಲ. ಹಳ್ಳ ಆನೆಯನ್ನೂ ಎಳೆದುಕೊಂಡು ಹೋಗುವ ಹಾಗೆ ಹರಿಯುತ್ತಿತ್ತು, ಪಟೇಲರು ಆಗದು ಎಂದು ತಲೆಯಾಡಿಸಿದರು.

ಚಿಕ್ಕಸಿದ್ದಮ್ಮ ಕೂಸಿನ ಪಾದ ಹಿಡಿದುಕೊಂಡು ನಿಂತಿದ್ದಳು. ನ್ಯಾಯ ಬೇಕಾಗಿದ್ದದ್ದು ಅವಳಿಗೆ. ಅವಳು ನಮ್ಮವರ ಮುಖ ನೋಡಿ, "ನನ್ ಮೊಮ್ಮಗೀನ ಸಾವುಗೆ ಈ ಕೂಸ ತೆರಬ್ಯಾಡ ಕಣಪ್ಪ, ಸರ್ಕೊ" ಎಂದಳು.

ಇವರು ಆಗಲೂ ಸರಿಯಲಿಲ್ಲ. ಸಾಹೇಬರೇ ಇವರ ಭುಜ ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಮಗುವನ್ನು ಸರಿಸುವ ಹಾಗೆ. "ವೀರಭದ್ರಸ್ವಾಮಿ, ನೀನು ಬೇಡ ಅಂದದ್ದು ನನಗೆ ನೆನಪಿರುತ್ತೆ. ಕೇಳಿದವರಿಗೆ ನೀನೂ ಹಾಗೇ ಹೇಳು" ಎಂದು, ಅರಗನ್ನು ಮುದ್ರೆಯ ಹಿಡಿಯಿಂದಲೇ ಕುಟ್ಟಿ ಒಡೆದರು. ಕೆಂಪು ಚೂರುಗಳು ನೆಲಕ್ಕೆ ಬಿದ್ದವು.

ಯಾವ ಡಬ್ಬದಲ್ಲಿ ನಿಜವಾದದ್ದಿದೆ ಎಂದು ಕಾಂಪೌಂಡರನನ್ನು ಕೇಳಿದರು. ಎಲ್ಲಾ ಒಂದೇ ಸ್ವಾಮಿ ಎಂದ. ಇದು ನಿಜ, ಇದು ಸುಳ್ಳು ಎಂದರೆ ತಾನೇ ಒಪ್ಪಿಕೊಂಡ ಹಾಗಲ್ಲವೇ. ಅದೇ ಮೆತ್ತಗಿನ ದನಿ. ಸಾಹೇಬರು ಅವನನ್ನು ಬಿಟ್ಟು ಒಂದೊಂದೇ ಡಬ್ಬ ತೆಗೆದು, ಮುಚ್ಚಳ ಕಿತ್ತು, ಗುಳಿಗೆ ಕಚ್ಚಿ ನೋಡಿ ಉಗುಳಿದರು. ಹಿಟ್ಟು. ಅದೂ ಹಿಟ್ಟು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಕೂಸು ಹೆಗಲ ಮೇಲೆ ಬೆಂದುಹೋಗುತ್ತಿತ್ತು. ಬೀರುವಿನ ಹಿಂಬದಿಯಲ್ಲಿ, ಹತ್ತಿಯ ಸುರುಳಿಯ ಹಿಂದೆ ಇದ್ದ ಒಂದು ಡಬ್ಬ ತೆಗೆದರು. ತನ್ನ ಮನೆಯವರಿಗೆ ಎಂದು ಇಟ್ಟುಕೊಂಡದ್ದಿರಬೇಕು. ಕಚ್ಚಿದರು. ಮುಖ ಕಿವುಚಿತು, ಕಣ್ಣಲ್ಲಿ ನೀರು ತುಂಬಿತು. ಉಗುಳಲಿಲ್ಲ, ನುಂಗಿದರು. ಕಹಿ ಇದೆಯಮ್ಮಾ ಎಂದರು.

ಗುಳಿಗೆಯ ಒಂದು ಚೂರು ಅರೆದು ಜೇನಿನಲ್ಲಿ ಕಲಸಿ ಕೂಸಿನ ಬಾಯಿಗೆ ಹಚ್ಚಿದೆ. ಕೂಸು ಚೀರಿತು. ಅದು ಹಾಗೆ ಚೀರಿದ್ದು ಕೇಳಿ ಚಿಕ್ಕಸಿದ್ದಮ್ಮ ಬಾಗಿಲಾಚೆ ಹೋಗಿ ಕೂತು ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳ ಮೊಮ್ಮಗ ಚೀರಿರಲಿಲ್ಲ.

ಮರುದಿನಕ್ಕೆ ಜ್ವರ ಇಳಿಯಿತು. ಮುಂದಿನ ಸರದಿಗೆ ನಡುಕ ಬಂದರೂ ಸೆಟೆಯಲಿಲ್ಲ. ಸಾಹೇಬರು ಅಷ್ಟಕ್ಕೇ ನಿಲ್ಲಿಸಿದ್ದರೆ ಮೊಕದ್ದಮೆ ಹೇಗೋ ಉಳಿಯುತ್ತಿತ್ತೇನೋ. ಅವರು ಆ ಡಬ್ಬವನ್ನು ಎತ್ತಿಕೊಂಡು ಹಾಡಿಗೆ ಹೋಗಿ, ಜ್ವರದಲ್ಲಿ ಮಲಗಿದ್ದವರಿಗೆಲ್ಲ ಕೊಟ್ಟು ಬಂದರು. ಒಡೆದದ್ದು ಒಡೆದಾಯಿತಲ್ಲ, ಒಂದು ಮಗುವಿಗೆ ಒಡೆದದ್ದಕ್ಕೂ ಹತ್ತು ಮಗುವಿಗೆ ಒಡೆದದ್ದಕ್ಕೂ ಶಿಕ್ಷೆ ಒಂದೇ ಎಂದರಂತೆ. ಬಂದು ಕೂತು, ಯಾವಾಗ, ಯಾರೆದುರು, ಯಾತಕ್ಕಾಗಿ ಮುದ್ರೆ ಒಡೆದೆ ಎಂದು ತಾವೇ ಬರೆದು ಸಹಿ ಹಾಕಿದರು.

ವಿಚಾರಣೆ ಕೋಟೆಯಲ್ಲಿ ನಡೆಯಿತು. ಕಾಂಪೌಂಡರನ ವಕೀಲರು ಹೆಚ್ಚು ಮಾತಾಡಬೇಕಾಗಲಿಲ್ಲ. ಮುದ್ರೆ ಹಾಕಿದವರೇ ಒಡೆದಿದ್ದಾರೆ, ಡಬ್ಬ ಬಿಚ್ಚಿದ್ದಾರೆ, ಸಾಕ್ಷ್ಯವನ್ನು ಕಾಡಿನವರಿಗೆ ಹಂಚಿದ್ದಾರೆ, ಹಿಟ್ಟು ಯಾರದೆಂದು ಹೇಗೆ ಹೇಳುವುದು ಎಂದರು. ಚಿಕ್ಕಸಿದ್ದಮ್ಮ ಕೆಸರಲ್ಲಿ ನಡೆದು ಬಂದು ಸಾಕ್ಷಿ ಹೇಳಿದಳು. ಗುಳಿಗೆಯ ರುಚಿ ನೀನು ನೋಡಿದೆಯಾ ಎಂದು ಕೇಳಿದರಂತೆ. ನಾನ್ಯಾಕೆ ನೋಡ್ಲಿ ಸಾಮಿ, ಮಗೀಗೆ ಜರ ಬಂದಿದ್ದದ್ದು ಎಂದಳಂತೆ. ಯಾರೋ ನಕ್ಕರಂತೆ. ಮುದ್ರೆ ಒಡೆಯಬೇಡಿ ಎಂದು ನೀವು ಹೇಳಿದ್ದು ನಿಜವೇ ಎಂದು ನಮ್ಮವರನ್ನು ಕೇಳಿದರು. ಹೌದು ಎಂದರು. ಸಾಹೇಬರು ಹೇಳಿದ ಹಾಗೇ ಹೇಳಿದರು. ನಿಜವನ್ನೇ ಹೇಳಿದರು.

ಕಾಂಪೌಂಡರನನ್ನು ಬೇರೆ ತಾಲ್ಲೂಕಿಗೆ ವರ್ಗ ಮಾಡಿದರು, ಅಷ್ಟೆ. ಗಯಾಸುದ್ದೀನ್ ಸಾಹೇಬರ ಮುದ್ರೆ ವಾಪಸು ತೆಗೆದುಕೊಂಡರು. ಇಳಿಸಿ, ಕೃಷ್ಣರಾಜನಗರದ ಒಂದು ಕಛೇರಿಯಲ್ಲಿ ಹಳೆಯ ಕಾಗದ ಕಟ್ಟುವ ಗುಮಾಸ್ತರಾಗಿ ಹಾಕಿದರು. ಅವರ ಜಾಗಕ್ಕೆ ಯಾರು ಎಂದು ನೋಡಿದಾಗ, ಹೆತ್ತ ಮಗುವಿನ ಜೀವದ ಎದುರಿಗೂ ನಿಯಮ ಬಿಡದ ಒಬ್ಬ ನೌಕರ ಇದ್ದಾನೆ ಎಂದು ಮೇಲಿನವರಿಗೆ ಗೊತ್ತಿತ್ತು. ಹಿತ್ತಾಳೆಯ ಮುದ್ರೆ ನಮ್ಮ ಮನೆಗೆ ಬಂತು.

ಬಡ್ತಿಯ ಸುದ್ದಿ ಬಂದ ದಿನ ನಾನು ಪಾಯಸ ಮಾಡಲಿಲ್ಲ. ಇವರೂ ಕೇಳಲಿಲ್ಲ. ಊಟಕ್ಕೆ ಕೂತಾಗ, ಕೂಸು ಹೋಗಿಬಿಟ್ಟಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಇವರು ಅನ್ನ ಕಲಸುತ್ತಿದ್ದರು. ಹಾಡಿಯಲ್ಲಿ ಹೋದ ಮಕ್ಕಳಿಗೂ ತಾಯಂದಿರು ಇದ್ದರು ಎಂದರು. ಅದು ನನಗೆ ಗೊತ್ತಿಲ್ಲವೇ. ಗೊತ್ತು. ನನ್ನ ಕೂಸು ಉಳಿದದ್ದರಿಂದ ಆ ಮನುಷ್ಯ ಉಳಿದ ಎನ್ನುವುದೂ ಗೊತ್ತು. ಅವನು ಈಗ ಕೂತಿರುವ ಊರಿನಲ್ಲಿ ಮಕ್ಕಳು ಏನನ್ನು ಚಪ್ಪರಿಸಿ ತಿನ್ನುತ್ತಿದ್ದಾರೋ ಎಂದು ಮಗಳಿಗೆ ಬೆಲ್ಲ ಕೊಡುವಾಗೆಲ್ಲ ನೆನಪಾಗುತ್ತದೆ. ಆದರೂ ಒಬ್ಬ ತಂದೆಯ ಬಾಯಿಂದ ಬೇಡಿ ಎಂಬ ಮಾತು ಬಂತಲ್ಲ. ಅದನ್ನು ಕೇಳಿದ ಕಿವಿ ನನ್ನದು. ರಾತ್ರಿ ಮಗಳು ಕೆಮ್ಮಿದರೆ ನಾನೇ ಏಳುತ್ತೇನೆ, ಇವರನ್ನು ಎಬ್ಬಿಸುವುದಿಲ್ಲ.

ಪೆನ್ಷನ್ ತೆಗೆದುಕೊಂಡು ಸಾಹೇಬರು ಹುಣಸೂರಿಗೆ ವಾಪಸು ಬಂದರು. ಆ ಸಂಜೆಯೇ ನಮ್ಮ ಜಗಲಿಗೆ ಬಂದು ಕೂತು, ಅಮ್ಮಾ, ಒಂದು ಲೋಟ ನೀರು ಕೊಡು, ಈಗ ಕುಡೀಬಹುದು ಎಂದರು. ಅಂಚಿನವರೆಗೆ ತುಂಬಿದ ಲೋಟ ಕೊಡಲು ಹೋಗಿ ಅವರ ಷೇರ್ವಾನಿಯ ಮೇಲೆ ನೀರು ಚೆಲ್ಲಿದೆ. ಅವರು ನಕ್ಕು, ಪೂರ್ತಿ ಕುಡಿದು, ಲೋಟ ಬೋರಲು ಹಾಕಿದರು. ಈಗ ಹಗಲೆಲ್ಲ ಅಣ್ಣನ ಚಕ್ರದ ಅಂಗಡಿಯಲ್ಲಿ ಕೂರುತ್ತಾರೆ. ಮಾತು ಬಿಟ್ಟಿದ್ದ ಅಣ್ಣ, ಇವರು ಮುದ್ರೆ ಕಳೆದುಕೊಂಡ ದಿನದಿಂದ ಮಾತಾಡಲು ಶುರುಮಾಡಿದ್ದಾರೆ. ಬಾ, ನನ್ನ ಮರ ಹಸಿಯೋ ಒಣಗಿದೆಯೋ ಕಚ್ಚಿ ಹೇಳು ಎಂದು ಎಲ್ಲರೆದುರು ಛೇಡಿಸುತ್ತಾರೆ. ಅವರಿಬ್ಬರೂ ನಗುತ್ತಾರೆ.

ನಗದವರು ಜೀನತ್ ಆಪಾ. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಮಗಳೆಂದರೆ ಪ್ರಾಣ. ಆದರೆ ನಮ್ಮವರು ಇಲ್ಲದ ಹೊತ್ತು ನೋಡಿಕೊಂಡು ಹಿತ್ತಿಲ ಬಾಗಿಲಿನಿಂದ ಬಂದು, ಮಗಳ ತಲೆ ಬಾಚಿ ಹೋಗುತ್ತಿದ್ದರು. ಇವರ ಚಪ್ಪಲಿಯ ಸದ್ದು ಕೇಳಿದರೆ ಎದ್ದುಬಿಡುತ್ತಿದ್ದರು. ತಮ್ಮಾ ಎಂಬ ಕರೆ ನಿಂತುಹೋಯಿತು. ಒಮ್ಮೆ ಮಾತ್ರ ಹೇಳಿದರು: "ನಿನ್ನ ಮಗಳನ್ನ ನೋಡಿದ್ರೆ ಅವರು ಮಾಡಿದ್ದು ಸರಿ ಅನಿಸುತ್ತೆ. ನಿನ್ನ ಯಜಮಾನರನ್ನ ನೋಡಿದ್ರೆ ಏನನಿಸಬೇಕೋ ತಿಳಿಯಲ್ಲ." ನನಗೂ ತಿಳಿಯುತ್ತಿರಲಿಲ್ಲ. ಹಾಗೇ ವರ್ಷಗಳು ಹೋದವು.

ಈಗ ಯುದ್ಧ. ಕ್ವಿನೈನ್ ಬರುತ್ತಿದ್ದ ಜಾವಾ ಜಪಾನಿನವರ ಕೈಗೆ ಹೋದ ಮೇಲೆ ಅದು ಸಿಗುವುದೇ ಕಷ್ಟ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸುಗಳು ಏರಿನಲ್ಲಿ ನಿಂತುಬಿಡುತ್ತವೆ, ಬಂದ ಔಷಧಿ ದಾರಿಯಲ್ಲೇ ಕರಗುತ್ತದೆ. ಮೊನ್ನೆ ಪಿರಿಯಾಪಟ್ಟಣದ ಕಾಡಂಚಿನ ಒಂದು ಔಷಧಾಲಯದ ಮೇಲೆ ಅರ್ಜಿ ಬಂದು, ನಮ್ಮವರು ಹೊರಡಬೇಕಾಯಿತು. ತೊಟ್ಟಿಲಲ್ಲಿ ಎರಡನೆಯದು ಇದೆ, ಇನ್ನೂ ಕುತ್ತಿಗೆ ನಿಂತಿಲ್ಲ. ಮುದ್ರೆಯನ್ನು ದಾರಕ್ಕೆ ಕಟ್ಟಿಕೊಳ್ಳುವಾಗ ಇವರ ಕೈ ನಿಧಾನವಾಯಿತು. ಹೊರಡುವ ಮುಂಚೆ ಚಕ್ರದ ಅಂಗಡಿಗೆ ಹೋದರು. ಅದುವರೆಗೆ ಅವರಿಬ್ಬರೂ ಆ ವಿಷಯ ಎತ್ತಿರಲಿಲ್ಲ. ಸಾಹೇಬರು ಹೇಳಿದ್ದನ್ನು ಇವರು ಬಂದು ನನಗೆ ಹೇಳಿದರು.

"ಒಡೆದದ್ದು ನನ್ನ ತಪ್ಪಲ್ಲ ಸ್ವಾಮಿ. ಪೂರ್ತಿ ಮುಚ್ಚಿದ್ದು ತಪ್ಪು. ಹಾಡಿಗೆ ಹೋಗಿ ರುಚಿ ಕೇಳಿದೆ, ಎಷ್ಟು ಜನ ಮಲಗಿದ್ದಾರೆ ಅಂತ ನೋಡಲಿಲ್ಲ. ಕಳ್ಳ ಸಿಕ್ಕಿದ ಖುಷೀಲಿ ಬೀರು ಇರೋದು ಯಾತಕ್ಕೆ ಅನ್ನೋದೇ ಮರೆತೆ. ನೀನು ಮುದ್ರೆ ಹಾಕೋ ಮುಂಚೆ ಊರನ್ನ ಒಂದು ಸುತ್ತು ಸುತ್ತು."

ಇವರು ಹೋದರು. ವಾರವಾದರೂ ಸುದ್ದಿಯಿಲ್ಲ. ನಾನು ಎಳೆಯದನ್ನು ಹೆಗಲಿಗೆ ಹಾಕಿಕೊಂಡು ಬೀದಿಯ ತುದಿ ನೋಡುತ್ತಾ ನಿಲ್ಲುತ್ತಿದ್ದೆ. ಬಂದಾಗ ಕಾಲಿಗೆಲ್ಲ ಕೆಸರು. ಊಟ ಮಾಡುತ್ತಾ, ಬೀರುವಿಗೆ ಮುದ್ರೆ ಹಾಕಿದೆ, ಆದರೆ ಪಟೇಲ, ಶಾನುಭೋಗರ ಎದುರಿಗೆ ಒಂದು ಡಬ್ಬ ತೆರೆದು, ಕಚ್ಚಿ ನೋಡಿ, ಅದನ್ನು ಹೊರಗಿಟ್ಟು ಶಾಲೆ ಮೇಷ್ಟರ ಕೈಗೆ ಕೊಟ್ಟು ಬಂದೆ, ಜ್ವರ ಬಂದವರಿಗೆ ಕೊಡಲಿ ಎಂದರು. ಹಾಗೆ ಮಾಡಲು ನಿಯಮ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ನಾಲಿಗೆಗೆ ಇನ್ನೂ ಕಹಿ ಹೋಗಿಲ್ಲ, ಸ್ವಲ್ಪ ಬೆಲ್ಲ ಇದ್ದರೆ ಕೊಡು ಎಂದರು.

ಆಕ್ಷೇಪಣೆಯ ಕಾಗದ ನಿನ್ನೆ ಬಂತು. ಆಪಾದನೆಗೆ ಒಳಗಾದ ದಾಸ್ತಾನಿನಲ್ಲಿ ಒಂದು ಭಾಗವನ್ನು ಮುದ್ರೆಯ ಹೊರಗೆ ಇಟ್ಟದ್ದು ಯಾವ ಅಧಿಕಾರದಿಂದ, ವಿವರಣೆ ಕೊಡಿ ಎಂದು. ಇವರು ಇವತ್ತು ಬೆಳಿಗ್ಗೆಯಿಂದ ನಡುಮನೆಯಲ್ಲಿ ಕೂತು ಉತ್ತರ ಬರೆಯುತ್ತಿದ್ದಾರೆ. ಬರೆದು ಹೊಡೆಯುತ್ತಾರೆ, ಮತ್ತೆ ಬರೆಯುತ್ತಾರೆ. ಈ ಮುದ್ರೆಯೂ ಹೋದರೆ ಎಲ್ಲಿಗೆ ಹಾಕುತ್ತಾರೋ, ಎಳೆಯ ಕೂಸನ್ನು ಕಟ್ಟಿಕೊಂಡು ಯಾವ ಊರಿಗೆ ಹೋಗಬೇಕೋ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಮುಂಬಾಗಿಲು ಸದ್ದಾಯಿತು. ಜೀನತ್ ಆಪಾ. ಹಿತ್ತಿಲಿನಿಂದಲ್ಲ, ಬೀದಿಯಿಂದ. ಇವರ ಚಪ್ಪಲಿ ಬಾಗಿಲಲ್ಲೇ ಇತ್ತು, ಅದನ್ನು ನೋಡಿಯೇ ಮೆಟ್ಟಿಲು ಹತ್ತಿದ್ದರು. ಸೆರಗು ಮುಖಕ್ಕೆ ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು, ಕೈಯಲ್ಲಿದ್ದ ಮುಚ್ಚಿದ ಬಟ್ಟಲನ್ನು ನನಗೆ ಕೊಟ್ಟರು. ಒಳಗೆ ಲೇಖನಿಯ ಸದ್ದು ನಿಂತಿತು.

"ತಮ್ಮಾ, ಊಟ ಆಯ್ತಾ?" ಎಂದರು.

ಇವರು ಎದ್ದು ನಿಂತರು. "ಇಲ್ಲ ಅಕ್ಕಾ" ಎಂದರು.